ನೊರೆ ನಿಲ್ಲದ ಊರು

ಹೊನ್ನಾವರ

ನಾರ್ವೆಗೆ ಹೋಗಿಬಂದೆ ಎಂದರೆ ನಮ್ಮೂರ ಜನ ಮೊದಲು ಚಳಿಯ ಬಗ್ಗೆ ಕೇಳುತ್ತಾರೆ, ಆಮೇಲೆ ಊಟದ ಬಗ್ಗೆ. ಯಾಕೆ ಹೋಗಿದ್ದೆ ಎಂದು ಕೇಳುವವರು ಅಪರೂಪ. ಕೇಳಿದವರಿಗೆ "ಶೆಟ್ಲಿ ಸಿಪ್ಪೆಯ ಕೆಲಸಕ್ಕೆ" ಎಂದರೆ, ನಿಜ ಹೇಳಲು ಮನಸ್ಸಿಲ್ಲದೆ ಏನೋ ಹಾರಿಸುತ್ತಿದ್ದಾಳೆ ಎಂದುಕೊಂಡು ಸುಮ್ಮನಾಗುತ್ತಾರೆ. ಆದರೆ ನಿಜ ಅದೇ. ಉಳಿದವರು ಸಿಗಡಿ ಎನ್ನುವುದನ್ನು ನಾವು ಶೆಟ್ಲಿ ಎನ್ನುತ್ತೇವೆ. ಅದರ ಸಿಪ್ಪೆಯೇ ನನ್ನನ್ನು ಸೂರ್ಯ ಮುಳುಗದ ಊರಿಗೆ ಕರೆದುಕೊಂಡು ಹೋಯಿತು.

ಸ್ವಲ್ಪ ಹಿನ್ನೆಲೆ ಹೇಳದಿದ್ದರೆ ಆಗದು. ನಾನು ಹೊನ್ನಾವರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಸಂಸಾರ ಕುಮಟಾದಲ್ಲಿ, ತವರು ಭಟ್ಕಳದ ಪಕ್ಕದ ಮುಟ್ಟಳ್ಳಿ. ಹೀಗಾಗಿ ನನ್ನ ಆಯುಷ್ಯದ ದೊಡ್ಡ ಪಾಲು ಈ ಮೂರು ಊರುಗಳ ನಡುವಿನ ಬಸ್ಸಿನಲ್ಲೇ ಸವೆದಿದೆ. ಕಾಲೇಜಿನ ಹಿಂದಿನ ಹಳೆಯ ಉಗ್ರಾಣದ ಕೋಣೆಯಲ್ಲಿ ನನ್ನದೊಂದು ಪುಟ್ಟ ಪ್ರಯೋಗ ನಡೆಯುತ್ತಿತ್ತು. ಸಿಪ್ಪೆಯಿಂದ ಸುಣ್ಣ ತೆಗೆದರೆ ಒಳಗೊಂದು ಬಗೆಯ ನಾರು ಉಳಿಯುತ್ತದೆ. ಅದನ್ನು ಹದಮಾಡಿ ಸಾಬಕ್ಕಿಯಂಥ ಮಣಿಗಳನ್ನಾಗಿ ಮಾಡಿದರೆ, ಆ ಮಣಿ ನೀರಿನಲ್ಲಿ ಕರಗಿದ ಲೋಹವನ್ನು ಹಿಡಿದುಕೊಳ್ಳುತ್ತದೆ. ಹಳೆಯ ಬ್ಯಾಟರಿಗಳನ್ನು ಕರಗಿಸಿದ ನೀರಿನಲ್ಲಿ ಕೋಬಾಲ್ಟ್ ಎಂಬ ಲೋಹ ಇರುತ್ತದೆ. ಬರೀ ಕೋಬಾಲ್ಟ್ ಕರಗಿದ ನೀರು ನೋಡಲು ಮದುವೆಮನೆಯ ಶರಬತ್ತಿನ ಹಾಗೆ ಗುಲಾಬಿ ಬಣ್ಣ. ನಮ್ಮ ಮಣಿ ಹಾಕಿ ಅಲ್ಲಾಡಿಸಿದರೆ ಬಣ್ಣ ಇಳಿದು ನೀರು ತಿಳಿಯಾಗುತ್ತಿತ್ತು. ಮೊದಲ ಸಲ ಅದನ್ನು ಕಂಡ ದಿನ ನಾನು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಕುಣಿದಿದ್ದೇನೆ.

ಬಿಸಿಲಿನ ವಿದ್ಯುತ್ತನ್ನು ಕೂಡಿಡುವುದಕ್ಕೂ ಕಾರು ಓಡಿಸುವುದಕ್ಕೂ ಬ್ಯಾಟರಿ ಬೇಕು, ಬ್ಯಾಟರಿಗೆ ಇಂಥ ಲೋಹ ಬೇಕು, ಲೋಹ ಸಿಗುವುದು ಲೋಕದ ಕೆಲವೇ ಕಡೆ. ಅದಕ್ಕಾಗಿ ಈಗ ದೇಶಗಳು ಜೊತೆಗೂಡಿ ಸಂಶೋಧನೆಗೆ ಹಣ ಹಾಕುತ್ತಿವೆ. ನಮ್ಮ ದೇಶ ಅರ್ಧ, ನಾರ್ವೆ ಅರ್ಧ ಹಾಕುವ ಅಂಥದೊಂದು ಅನುದಾನಕ್ಕೆ ನಾನೂ ಅಲ್ಲಿಯ ಇಂಗ್ರಿಡ್ ಎಂಬ ವಿಜ್ಞಾನಿಯೂ ಸೇರಿ ಅರ್ಜಿ ಹಾಕಿದ್ದೆವು. ಕೊನೆಯ ಸುತ್ತಿಗೆ ಬಂದೆವು. ಅಲ್ಲೊಂದು ಕೊಕ್ಕೆ ಬಿತ್ತು. ನಾನು ಬರೆದು ಕಳಿಸಿದ ವಿಧಾನವನ್ನು ಅಕ್ಷರ ಬಿಡದೆ ಪಾಲಿಸಿ ಇಂಗ್ರಿಡ್ ಮೂರು ಸಲ ಮಣಿ ಮಾಡಿದಳು. ಮೂರು ಸಲವೂ ಗುಲಾಬಿ ನೀರು ಗುಲಾಬಿಯಾಗಿಯೇ ಉಳಿಯಿತು. ಎರಡೂ ಕಡೆ ಒಂದೇ ಫಲ ಬಾರದಿದ್ದರೆ ಅನುದಾನವಿಲ್ಲ ಎಂದು ಸಮಿತಿ ಸ್ಪಷ್ಟವಾಗಿ ಬರೆಯಿತು. ಇತ್ತ ನಮ್ಮ ಪ್ರಾಂಶುಪಾಲರು, "ಮೇಡಂ, ಇದು ಆಗದಿದ್ದರೆ ಆ ಕೋಣೆಯ ಕೀಲಿ ಕೊಟ್ಟುಬಿಡಿ, ಕ್ರೀಡಾ ಸಾಮಾನು ಇಡೋಕೆ ಜಾಗ ಇಲ್ಲ" ಎಂದರು. ಸಮಿತಿ ಇಂಗ್ರಿಡ್‌ಳ ಪ್ರಯೋಗಾಲಯಕ್ಕೆ ಬರುವ ಮೊದಲೇ ಅಲ್ಲಿಗೆ ತಲುಪಬೇಕೆಂದು, ಕೀಲಿಯನ್ನು ಪರ್ಸಿನಲ್ಲೇ ಇಟ್ಟುಕೊಂಡು ನಾರ್ವೆಗೆ ಹೊರಟೆ.

ಇನ್ನೊಬ್ಬಳ ಬಗ್ಗೆ ಹೇಳದೆ ಹೊರಡುವ ಹಾಗಿಲ್ಲ. ಭಟ್ಕಳ ಬಂದರಿನಲ್ಲಿ ಶೆಟ್ಲಿ ಸುಲಿಯುವ ಮಂಕಾಳಿ. ನನಗಿಂತ ಏಳೆಂಟು ವರ್ಷ ದೊಡ್ಡವಳು, ಮಂಕಾಳಕ್ಕ ಎನ್ನುತ್ತೇನೆ, ಆಕೆಗೆ ನಾನು ಅಕ್ಕೋರು, ಅಂದರೆ ಟೀಚರು. ಆಕೆ ಒಣಗಿಸಿದ ಸಿಪ್ಪೆಯನ್ನು ಚೀಲಕ್ಕೆ ತುಂಬಿ ಬಸ್ಸಿಗೆ ಹಾಕಿ ಕಳಿಸುವವಳು. ಮೊದಲ ಚೀಲ ಬಂದಾಗ ಅದರ ನಾತಕ್ಕೆ ಕಂಡಕ್ಟರ್ ಕುಣಿದಾಡಿದ, ಕಾಲೇಜಿನಲ್ಲಿ ಪಕ್ಕದ ತರಗತಿಯವರು ಮೂಗು ಮುಚ್ಚಿಕೊಂಡು ಹೊರಗೆ ಬಂದರು. ಆ ಚೀಲವನ್ನು ಹಾಗೇ ಹೂಳಿಸಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಮರುವಾರ ಭಟ್ಕಳ ಬಸ್ ನಿಲ್ದಾಣದಲ್ಲಿ ಆಕೆ ಸಿಕ್ಕಾಗ ಹತ್ತು ಜನರ ಎದುರಿಗೆ, "ಮನುಷ್ಯರು ಕಳಿಸುವಂಥದ್ದಾ ಅದು?" ಎಂದು ಬೈದುಬಿಟ್ಟೆ. ಆಕೆ ಬುಟ್ಟಿ ತಲೆಗೇರಿಸಿಕೊಂಡು ಹೋದಳು. ಆಮೇಲಿನ ಚೀಲಗಳಿಂದ ವಾಸನೆಯೇ ಬರಲಿಲ್ಲ. ಬೈದರೆ ಕೆಲಸ ಆಗುತ್ತದೆ ನೋಡು ಎಂದು ಹೆಮ್ಮೆಪಟ್ಟುಕೊಂಡವಳು ನಾನು.

ವಿಮಾನ ನಿಲ್ದಾಣ

ಹೊರಡುವ ಮೊದಲು ಮುಟ್ಟಳ್ಳಿಗೆ ಹೋಗಿದ್ದೆ. ಮೇ ತಿಂಗಳು, ಅಣ್ಣನ ಮನೆಯ ಅಂಗಳದ ತುಂಬ ಮುರುಗಲ ಹಣ್ಣಿನ ಸಿಪ್ಪೆ ಕೆಂಪಗೆ ಒಣಗುತ್ತಿತ್ತು. ನಮ್ಮ ಕಡೆ ಸಾರಿಗೂ ಮೀನಿಗೂ ಅದೇ ಹುಳಿ. ನನ್ನಮ್ಮ, ನಮ್ಮ ಮಾತಿನಲ್ಲಿ ಆಯಿ, ಹೋದ ವರ್ಷದ ಒಣ ಮುರುಗಲನ್ನು ಪೊಟ್ಟಣ ಕಟ್ಟಿ, "ಅಲ್ಲಿ ಎಂತ ತಿಂತೆಯೋ ಏನೋ. ಬಾಯಿ ಕೆಟ್ರೆ ಬಿಸಿನೀರಿಗೆ ಹಾಕಿ ಉಪ್ಪು ಹಾಕ್ಕಂಡು ಕುಡಿ" ಎಂದು ಬ್ಯಾಗಿಗೆ ತುರುಕಿದಳು. ಮಂಕಾಳಿ ಒಂದು ಬಾಟಲಿ ಒಣಶೆಟ್ಲಿ ಚಟ್ನಿ ಕಳಿಸಿದ್ದಳು. ಇವೆರಡರ ಜೊತೆಗೆ ನನ್ನ ಡಬ್ಬಿಯಲ್ಲಿ ಮಂಕಾಳಿಯ ಶೆಟ್ಲಿ ಒಣಸಿಪ್ಪೆ. ನಮ್ಮ ಸಿಪ್ಪೆಯಿಂದಲೇ ಅಲ್ಲಿ ಮಣಿ ಮಾಡಿ ತೋರಿಸಿದರೆ ತಂಟೆ ಮುಗಿಯಿತು ಎಂಬುದು ನನ್ನ ಲೆಕ್ಕಾಚಾರ.

ನಾರ್ವೆಯ ಕಸ್ಟಮ್ಸ್‌ನವನ ಎದುರು ಆ ಲೆಕ್ಕಾಚಾರ ಉದುರಿಹೋಯಿತು. ಎತ್ತರದ, ತುಂಬಾ ಸಭ್ಯ ಹುಡುಗ. ಚಟ್ನಿ ಬಾಟಲಿಯ ಮುಚ್ಚಳ ತೆಗೆದವನೇ ತಲೆ ಹಿಂದೆಳೆದುಕೊಂಡ. ಅದು ಹೋಯಿತು. ಸಿಪ್ಪೆಯ ಡಬ್ಬಿ ತೆಗೆದು ಮೂಸಿದ, ಮತ್ತೊಮ್ಮೆ ಮೂಸಿದ.

"ಇದು ನಿಜವಾಗಿ ಸಿಗಡಿಯದೇ? ವಾಸನೆಯೇ ಇಲ್ಲವಲ್ಲ" ಎಂದ.

"ನಮ್ಮೂರಲ್ಲಿ ಚೆನ್ನಾಗಿ ಒಣಗಿಸುತ್ತಾರೆ" ಎಂದೆ ಗತ್ತಿನಿಂದ.

"ವಾಸನೆ ಇಲ್ಲದಿದ್ದರೂ ನಿಯಮ ಇದೆ" ಎಂದು ಅದನ್ನೂ ಇಟ್ಟುಕೊಂಡ. ಸಂಶೋಧನೆಗೆ ಬೇಕಾದ ಕಾಗದ ಮೊದಲೇ ಮಾಡಿಸಬೇಕಿತ್ತಂತೆ. ನಾನು ಗೋಗರೆದೆ, ಇಂಗ್ರಿಡ್‌ಳ ಪತ್ರ ತೋರಿಸಿದೆ, ಕೊನೆಗೆ ಕಣ್ಣಲ್ಲಿ ನೀರೂ ಬಂತು. ಆತ ಕ್ಷಮೆ ಕೇಳುತ್ತಲೇ ಡಬ್ಬಿಯನ್ನು ಒಳಗಿಟ್ಟ. ಮುರುಗಲ ಪೊಟ್ಟಣವನ್ನು ಮಾತ್ರ, ಇದು ಯಾವ ಹಣ್ಣು ಎಂದು ಕೇಳಿ, ಮೂಸಿ, ನಕ್ಕು ವಾಪಸು ಕೊಟ್ಟ. ಇಷ್ಟು ದೂರ ಬಂದು ನನ್ನ ಬಳಿ ಉಳಿದದ್ದು ಸಾರಿನ ಹುಳಿ ಎಂದು ನನ್ನ ಹಣೆಬರಹವನ್ನು ನಾನೇ ಹಳಿದುಕೊಂಡೆ.

ಟ್ರೋಮ್ಸೋ, ಮೊದಲ ದಿನ

ನಾರ್ವೆಯ ಉತ್ತರದ ತುದಿಗೆ ಹತ್ತಿರದಲ್ಲಿ, ಸಮುದ್ರದ ನಡುವಿನ ದ್ವೀಪದ ಮೇಲೆ ಟ್ರೋಮ್ಸೋ ಇದೆ. ಮೇ ಕೊನೆಯಲ್ಲೂ ಸುತ್ತಲಿನ ಗುಡ್ಡಗಳ ನೆತ್ತಿಯಲ್ಲಿ ಹಿಮ. ಆ ದಿನಗಳಲ್ಲಿ ಸೂರ್ಯ ಅಲ್ಲಿ ಮನೆಗೆ ಹೋಗುವುದೇ ಇಲ್ಲ. ಹೋಟೆಲಿನ ಪರದೆ ತೆಳ್ಳಗಿತ್ತು. ಕೊನೆಗೆ ಸಮಿತಿಯೆದುರು ಉಡಲೆಂದು ತಂದ ರೇಷ್ಮೆ ಸೀರೆಯನ್ನು ಕಿಟಕಿಗೆ ಕಟ್ಟಿ ಮಲಗಿದೆ. ಬೆಳಿಗ್ಗೆ ನೋಡಿದರೆ ಸೀರೆಯ ಅಂಚಿಗೆ ಕಿಟಕಿಯ ಗ್ರೀಸು ಮೆತ್ತಿತ್ತು.

ಬೀದಿಗಿಳಿದರೆ ಕಾರುಗಳು ಬೆಕ್ಕಿನ ಹಾಗೆ ಬರುತ್ತವೆ. ಹೆಚ್ಚಿನವು ವಿದ್ಯುತ್ತಿನವು, ಸದ್ದಿಲ್ಲ, ಹಾರ್ನ್ ಅಂತೂ ಯಾರೂ ಒತ್ತುವುದಿಲ್ಲ. ಹಾರ್ನ್ ಕೇಳಿಯೇ ಪಕ್ಕಕ್ಕೆ ಸರಿದು ಅಭ್ಯಾಸವಾದ ನಾನು ರಸ್ತೆಯ ನಡುವೆ ನಮ್ಮೂರ ಅಪ್ಸರಕೊಂಡ ಜಲಪಾತ ನೋಡಲು ಬಂದ ಪ್ರವಾಸಿಯಂತೆ ಬಾಯಿ ತೆರೆದು ನಿಂತಿದ್ದೆ. ಹಿಂತಿರುಗಿ ನೋಡಿದರೆ ನಾಲ್ಕು ಕಾರು ಸಾಲಾಗಿ ನಿಂತು ನಾನು ಸರಿಯುವುದನ್ನೇ ಕಾಯುತ್ತಿವೆ. ಒಬ್ಬರ ಮುಖದಲ್ಲೂ ಸಿಟ್ಟಿಲ್ಲ. ನಮ್ಮಲ್ಲಾಗಿದ್ದರೆ ನನ್ನ ಅಜ್ಜಿಯ ಕಾಲದವರೆಗೂ ಹೋಗಿ ಬೈಯುತ್ತಿದ್ದರು. ಈ ಕಾರುಗಳ ಬ್ಯಾಟರಿಗಳೆಲ್ಲ ಹಳತಾದ ಮೇಲೆ ಎಲ್ಲಿಗೆ ಹೋಗುತ್ತವೆ ಎಂಬ ಯೋಚನೆ ಆಗ ಬಂತು. ನಾನು ಬಂದದ್ದೂ ಅದಕ್ಕೇ ತಾನೆ.

ಇಂಗ್ರಿಡ್ ಅರವತ್ತರ ಹತ್ತಿರದವಳು. ಕಂಪ್ಯೂಟರ್ ಪರದೆಯ ಮೇಲೆ ಎರಡು ವರ್ಷ ನೋಡಿದ ಮುಖ ಎದುರಿಗೆ ಬಂದಾಗ ನಾನು ತಬ್ಬಿಕೊಳ್ಳಲು ಹೋದೆ, ಅವಳು ಕೈ ಚಾಚಿದಳು, ಎರಡೂ ಅರ್ಧಕ್ಕೆ ನಿಂತವು. ಅವಳಿಗೊಂದು ಅಭ್ಯಾಸ. ಹೌದು ಎನ್ನಬೇಕಾದಾಗ ಉಸಿರನ್ನು ಒಳಕ್ಕೆಳೆದುಕೊಂಡು "ಯಾ" ಎನ್ನುತ್ತಾಳೆ. ಮೊದಲೆರಡು ಸಲ ಹೆದರಿ ನೀರು ಬೇಕೇ ಎಂದು ಕೇಳಿದೆ. ಆ ಕಡೆಯವರು ತುಂಬ ಮಂದಿ ಹಾಗೇ ಹೇಳುವುದಂತೆ. ಮಾತು ಕಡಿಮೆ. ಬೇಕಾದಷ್ಟೇ ಆಡಿ ಸುಮ್ಮನಿರುವ ಜನ. ಕುಮಟಾ ಬಸ್ಸಿನಲ್ಲಿ ಪಕ್ಕದವಳ ಮಗಳ ಗಂಡನ ಸಂಬಳದವರೆಗೂ ತಿಳಿದುಕೊಂಡೇ ಇಳಿಯುವ ನನಗೆ ಅಲ್ಲಿಯ ಬಸ್ಸಿನಲ್ಲಿ ಉಸಿರುಗಟ್ಟಿತು. ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಪ್ರಯಾಣ ಮಾಡುತ್ತಾರೆ.

ಬಂದರು

ಸಂಜೆ ಇಂಗ್ರಿಡ್ ನನ್ನನ್ನು ಬಂದರಿಗೆ ಕರೆದುಕೊಂಡು ಹೋದಳು. ಅಲ್ಲಿ ನಾನು ನಿಜಕ್ಕೂ ಬೆರಗಾದೆ. ದೋಣಿಯವರು ಶೆಟ್ಲಿಯನ್ನು ಕಡಲಿನ ಮೇಲೇ ಬೇಯಿಸಿ ತಂದು ದಡದಲ್ಲಿ ಮಾರುತ್ತಾರೆ. ಒಳ್ಳೊಳ್ಳೆ ಕೋಟು ಹಾಕಿಕೊಂಡ ಗಂಡಸರು ಹೆಂಗಸರು ಚೀಲ ಚೀಲ ಕೊಂಡು, ಕಟ್ಟೆಯ ಮೇಲೆ ಸಾಲಾಗಿ ಕೂತು, ಅಲ್ಲೇ ಸುಲಿದು ಬ್ರೆಡ್ಡಿನ ಮೇಲೆ ಹರಡಿ ತಿನ್ನುತ್ತಾರೆ. ನಮ್ಮಲ್ಲಿ ಶೆಟ್ಲಿ ಸುಲಿಯುವುದು ಬಡ ಹೆಂಗಸರ ಕೂಲಿ, ಬೆರಳ ತುದಿ ಒಡೆದು ನಂಜಾಗುವ ಕೆಲಸ. ಇಲ್ಲಿ ಅದು ಸಂಜೆಯ ಮೋಜು. ಮಂಕಾಳಿ ಇದನ್ನು ನೋಡಬೇಕಿತ್ತು ಅನ್ನಿಸಿತು.

ಇಂಗ್ರಿಡ್ ಒಂದೊಂದನ್ನೂ ಶಸ್ತ್ರಚಿಕಿತ್ಸೆ ಮಾಡುವವಳಂತೆ ಸುಲಿಯುತ್ತಿದ್ದಳು. ನಾನು ಮಂಕಾಳಿಯ ಪಕ್ಕ ಕೂತು ಕಲಿತ ಕೈ. ತಲೆ ತಿರುವಿ, ಹೊಟ್ಟೆಗೆ ಹೆಬ್ಬೆರಳು ಕೊಟ್ಟು, ಬಾಲ ಹಿಂಡಿದರೆ ಮುಗಿಯಿತು. ಅವಳು ಐದು ಮುಗಿಸುವಷ್ಟರಲ್ಲಿ ನನ್ನೆದುರು ಗುಡ್ಡೆ ಬಿತ್ತು. ಪಕ್ಕದ ಕಟ್ಟೆಯ ಮುದುಕರೊಬ್ಬರು ತಮ್ಮ ಚೀಲವನ್ನೂ ಮೆಲ್ಲಗೆ ನನ್ನ ಕಡೆ ತಳ್ಳಿ ನಕ್ಕರು. ಮಾತು ಬಾರದ ಊರಿನಲ್ಲಿ ಅದೇ ನನ್ನ ಮೊದಲ ಗೆಳೆತನ. ಅವರಿಗೂ ಸುಲಿದು ಕೊಟ್ಟೆ.

"ನಿಮ್ಮದು ಬೇಯಿಸಿದ ಸಿಪ್ಪೆ. ಅದಕ್ಕೇ ಫಲ ಬರುತ್ತಿಲ್ಲ" ಎಂದೆ ಇಂಗ್ರಿಡ್‌ಗೆ.

"ಹಸಿಯದನ್ನೂ ಮಾಡಿ ನೋಡಿದ್ದೇನೆ" ಎಂದಳು. ಕೈಯಲ್ಲಿದ್ದ ಶೆಟ್ಲಿ ಸುಲಿದು ಮುಗಿಸಿ ಹೇಳಿದಳು: "ಸಮಿತಿಯಲ್ಲಿ ಒಬ್ಬರು ನಿಮ್ಮ ಅಂಕಿಗಳನ್ನೇ ನಂಬುತ್ತಿಲ್ಲ. ನಿಮಗೆ ಗೊತ್ತಿರಲಿ ಎಂದು ಹೇಳಿದೆ."

ಕಳ್ಳಲೆಕ್ಕ ಬರೆದವಳು ಎಂದೇ ಅದರ ಅರ್ಥ. ಎರಡು ವರ್ಷ ಆ ಉಗ್ರಾಣದಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಕೆಲಸ ಮಾಡಿದವಳಿಗೆ ಈ ಮಾತು! ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಯಿತು. ಸಮಿತಿಯ ಭೇಟಿ ಗುರುವಾರ. ಅಂದು ಭಾನುವಾರ.

ಪ್ರಯೋಗಾಲಯ

ಸೋಮವಾರ ಇಂಗ್ರಿಡ್‌ಳ ಪ್ರಯೋಗಾಲಯ. ಬಾಗಿಲಲ್ಲೇ ಚಪ್ಪಲಿ ಕಳಚಿಟ್ಟು ಒಳಗಿನ ಬೇರೆ ಪಾದರಕ್ಷೆ ಹಾಕಿಕೊಳ್ಳಬೇಕು. ನಮ್ಮ ಮನೆಯ ಹಾಗೇ ಎಂದು ಒಳಗೊಳಗೇ ಖುಷಿಯಾಯಿತು. ಒಳಗೆ ಎಲ್ಲವೂ ಫಳಫಳ. ನನ್ನ ಉಗ್ರಾಣದಲ್ಲಿ ಕರೆಂಟು ಹೋದರೆ ಕಿಟಕಿಯ ಬೆಳಕೇ ಗತಿ. ಗೇರುಸೊಪ್ಪದ ಅಣೆಕಟ್ಟು ನಮ್ಮ ತಾಲೂಕಿನಲ್ಲೇ ಇದೆ ಎಂದು ಇಂಗ್ರಿಡ್‌ಗೆ ಹೇಳಿದ್ದೆ. ಅವರದೂ ನೀರಿನಿಂದಲೇ ಬರುವ ವಿದ್ಯುತ್ತು. "ಹಾಗಿದ್ದರೆ ನಿಮ್ಮಲ್ಲಿ ಕರೆಂಟು ಹೋಗಬಾರದಲ್ಲ?" ಎಂದು ಮುಗ್ಧವಾಗಿ ಕೇಳಿದಳು. ನಾನು ಗೋಡೆಯ ಕಡೆ ತಿರುಗಿದೆ.

ನನ್ನದೇ ವಿಧಾನದ ಹಾಳೆ ಗೋಡೆಗೆ ಅಂಟಿಸಿದ್ದರು. "ಸಿಪ್ಪೆಯನ್ನು ಆಮ್ಲದಲ್ಲಿ ಹಾಕಿ. ನೊರೆ ನಿಂತ ಕೂಡಲೇ ತೆಗೆಯಿರಿ." ಸಿಪ್ಪೆಯ ಸುಣ್ಣ ಆಮ್ಲಕ್ಕೆ ಕರಗುವಾಗ ನೊರೆ ಏಳುತ್ತದೆ, ಸುಣ್ಣ ಮುಗಿದಾಗ ನೊರೆ ನಿಲ್ಲುತ್ತದೆ. ಈ ಸಲ ನಾನೇ ಮಾಡುತ್ತೇನೆಂದು ನಿಂತೆ. ಅವರ ಸಿಪ್ಪೆ ಹಾಕಿದೆ. ನೊರೆ ಎದ್ದಿತು. ನಾನು ಕೈತೊಳೆದು, ಇಂಗ್ರಿಡ್ ಕೊಟ್ಟ ಕಪ್ಪು ಕಾಫಿ ಕುಡಿದು ಬಂದೆ. ನೊರೆ ಇನ್ನೂ ಇತ್ತು. ಇನ್ನೊಂದು ಕಾಫಿಯಾಯಿತು. ನೊರೆ ಇತ್ತು. ಊಟಕ್ಕೆ ಹೋಗಿ ಬಂದೆವು, ಆಗಲೂ ಇತ್ತು.

"ಇದೇನಿದು, ನಿಲ್ಲುವುದೇ ಇಲ್ಲ?" ಎಂದೆ.

"ಪ್ರತಿ ಸಲವೂ ಹೀಗೇ. ನೊರೆ ನಿಲ್ಲುವವರೆಗೆ ಕಾಯಿರಿ ಎಂದು ನೀವೇ ಬರೆದಿದ್ದೀರಿ, ಕಾದಿದ್ದೇವೆ" ಎಂದಳು ಇಂಗ್ರಿಡ್.

ಹೊನ್ನಾವರದಲ್ಲಿ ಒಂದು ಲೋಟ ಚಾ ಮುಗಿಸುವಷ್ಟರಲ್ಲಿ ನೊರೆ ನಿಲ್ಲುತ್ತಿತ್ತು! ಅಂದರೆ ಅವರ ಸಿಪ್ಪೆ ಅರ್ಧ ದಿನ ತೀಕ್ಷ್ಣ ಆಮ್ಲದಲ್ಲಿ ನೆಂದು, ಸುಣ್ಣದ ಜೊತೆ ನಾರೂ ಕಡಿದು ಚೂರಾಗುತ್ತಿತ್ತು. ಚೂರಾದ ನಾರು ಲೋಹ ಹಿಡಿಯುವುದು ಹೇಗೆ? ನಮ್ಮ ಸಿಪ್ಪೆಯ ಸುಣ್ಣ ಮಾತ್ರ ನನ್ನ ಕೈ ಸೇರುವ ಮೊದಲೇ ಎಲ್ಲೋ ಕರಗಿಹೋಗಿರಬೇಕು. ಎಲ್ಲಿ? ಯಾರ ಕೈಯಲ್ಲಿ? ವಾಸನೆಯೇ ಇಲ್ಲವಲ್ಲ ಎಂದು ಎರಡೆರಡು ಸಲ ಮೂಸಿದ ಕಸ್ಟಮ್ಸ್ ಹುಡುಗ ನೆನಪಾದ. ಅಲ್ಲಿಂದ ನೇರ ಬಸ್ ನಿಲ್ದಾಣದ ನನ್ನ ಬೈಗುಳ ನೆನಪಾಯಿತು.

ಮಂಗಳವಾರ, ಬೆಳಿಗ್ಗೆ

ನಮ್ಮಲ್ಲಿ ಎಂಟೂವರೆಯಾದರೆ ಅಲ್ಲಿ ಬೆಳಗಿನ ಐದು. ಅಷ್ಟು ಹೊತ್ತಿಗೆ ಮಂಕಾಳಿ ಬಂದರಿನಲ್ಲಿರುತ್ತಾಳೆ. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಇನ್ನೂ ಕೆಲವು ದಿನ ಬಾಕಿಯಿತ್ತು. ಫೋನಿನಲ್ಲಿ ಕಾಗೆ, ಹದ್ದು, ಹರಾಜು ಕೂಗುವವರ ಗದ್ದಲ, ನಡುವೆ ಅವಳ ದನಿ. ಆ ಗದ್ದಲ ಕೇಳಿ ಅಳುವೇ ಬಂತು.

"ಮಂಕಾಳಕ್ಕ, ಸಿಪ್ಪೆಗೆ ಎಂತ ಹಾಕ್ತಿದ್ದೆ ನೀನು?"

"ನಾನಾ? ಎಂತದೂ ಇಲ್ಲ."

"ನಿಜ ಹೇಳು."

"ದೇವ್ರಾಣೆ ಇಲ್ಲ ಅಕ್ಕೋರೆ. ಬರೀ ಶೆಟ್ಲಿ ಸಿಪ್ಪೆ. ಏಡಿದು ಒಂದೂ ಸೇರ್ಸ್ಲಿಲ್ಲ, ಮಣ್ಣೂ ಸೇರ್ಸ್ಲಿಲ್ಲ."

ಕಲಬೆರಕೆ ಮಾಡಿದೆ ಎಂದು ನಾನು ಹಿಡಿದಿದ್ದೇನೆ ಎಂದುಕೊಂಡಿದ್ದಳು. "ಬೈಯೂದಿಲ್ಲ ಮಾರಾಯ್ತಿ, ಎಂತ ಹಾಕಿದ್ರೂ ಬೈಯೂದಿಲ್ಲ" ಎಂದೆ.

"ಬೈಯೂದಿಲ್ಲ ಅಂತ ಹೇಳ್ತ್ರಿ. ಆಮೇಲೆ ಬೈತ್ರಿ."

ಕೊನೆಗೆ ನನ್ನ ಆಯಿಯ ಮೇಲೆ ಆಣೆ ಹಾಕಿದ ಮೇಲೆ ಬಾಯಿಬಿಟ್ಟಳು.

"ನೀವು ಅವತ್ತು ಅಷ್ಟು ಜನರ ಎದ್ರಿಗೆ ಬೈದ್ರಿ ಅಲ್ರಾ. ನಂಗೆ ಮನೆಗೆ ಬಂದು ಗಂಟ್ಲಲ್ಲಿ ಅನ್ನ ಇಳೀಲಿಲ್ಲ. ನಮ್ಮನೆ ಮೀನು ನಾತ ಹೊಡೀತದೆ ಅಂತ ಇಲ್ಲಿವರೆಗೆ ಒಬ್ರೂ ಹೇಳ್ಲಿಲ್ಲ. ಅದ್ಕೆ, ಮೀನು ತೊಳೂ ಹಾಂಗೆ ತೊಳ್ದೆ. ಮುರುಗ್ಲ ಹುಳಿ ನೀರಲ್ಲಿ ಮುಳ್ಗಿಸಿ ಒಂದು ರಾತ್ರಿ ಬಿಡುದು, ಬೆಳಿಗ್ಗೆ ಗುಳುಗುಳು ನಿಂತ ಮೇಲೆ ಹಿಂಡಿ ಒಣಗ್ಸುದು. ಅಷ್ಟೇ. ಅಕ್ಕೋರ್ ಕಾಲೇಜಿಗೆ ಹೋಗೂ ವಸ್ತು, ನಾತ ಹೊಡ್ಯೂ ಹಾಂಗೆ ಕಳ್ಸೂಕೆ ಆಗ್ತದಾ?"

ಗುಳುಗುಳು! ನನ್ನ ಪಾತ್ರೆಯಲ್ಲಿ ಏಳಬೇಕಾದ ನೊರೆಯೆಲ್ಲ ಭಟ್ಕಳದ ಒಂದು ಹಿತ್ತಿಲಿನ ಬಾನಿಯಲ್ಲಿ ಎದ್ದು ಅಡಗುತ್ತಿತ್ತು. ಹುಳಿ ಮೆಲ್ಲಗೆ ಸುಣ್ಣ ಕರಗಿಸುತ್ತಿತ್ತು, ನಾರಿಗೆ ಪೆಟ್ಟಾಗುತ್ತಿರಲಿಲ್ಲ. ನಾನು ಎರಡು ವರ್ಷದಲ್ಲಿ ಒಂದು ದಿನವಾದರೂ ಅವಳ ಹಿತ್ತಿಲಿಗೆ ಹೋಗಿ, ನೀನು ಹೇಗೆ ಮಾಡುತ್ತೀ ಎಂದು ಕೇಳಿದವಳಲ್ಲ.

"ಎಂತ ಆತು ಅಕ್ಕೋರೆ? ಹಾಳಾತಾ?"

"ಹಾಳಾಗ್ಲಿಲ್ಲ ಮಂಕಾಳಕ್ಕ. ನೀ ತೊಳ್ದದ್ದಕ್ಕೇ ಸರಿಯಾಗ್ತಿತ್ತು."

"ಅಯ್ಯೋ ಅಷ್ಟೇಯಾ!" ಎಂದು ಅವಳು ನಿರಾಳವಾಗಿ ಫೋನಿಟ್ಟಳು. ನಾನು ಆಯಿಯ ಮುರುಗಲ ಪೊಟ್ಟಣವನ್ನೆತ್ತಿಕೊಂಡು, ತಲೆ ಬಾಚುವುದನ್ನೂ ಮರೆತು ಪ್ರಯೋಗಾಲಯಕ್ಕೆ ಓಡಿದೆ.

ಇಂಗ್ರಿಡ್ ಎಲ್ಲ ಕೇಳಿಸಿಕೊಂಡು ಉಸಿರನ್ನು ಒಳಕ್ಕೆಳೆದುಕೊಂಡಳು. ಮುರುಗಲನ್ನು ಬಿಸಿನೀರಿಗೆ ಹಾಕಿದ ಕೂಡಲೇ ಕೆಂಪು ಬಿಟ್ಟಿತು. ಆ ಪರಿಮಳಕ್ಕೆ ನನ್ನ ಬಾಯಲ್ಲಿ ನೀರೂರಿತು. ನಾಲ್ಕು ದಿನದಿಂದ ಬ್ರೆಡ್ಡು ತಿಂದ ಬಾಯಿ. ಇಂಗ್ರಿಡ್ ಒಂದು ಚಮಚ ರುಚಿ ನೋಡಿ ಕಣ್ಣು ಕಿರಿದು ಮಾಡಿ, ಇನ್ನೊಂದು ಚಮಚ ತೆಗೆದುಕೊಂಡಳು. "ಅದು ಸಿಪ್ಪೆಗೆ, ನಿನಗಲ್ಲ" ಎಂದು ಗದರಿದೆ. ಅವಳು ಜೋರಾಗಿ ನಕ್ಕದ್ದನ್ನು ಅಂದೇ ಮೊದಲು ಕೇಳಿದ್ದು. ಇದ್ದ ಹುಳಿಯೆಲ್ಲ ಹಿಂಡಿದರೂ ಒಂದು ಹಿಡಿ ಸಿಪ್ಪೆಗಷ್ಟೇ ಆಯಿತು. ಅದನ್ನು ಮರುದಿನ ಬೆಳಗಿನವರೆಗೆ ನೆನೆಸಿ, ಬುಧವಾರವಿಡೀ ನಿಂತು ಮಣಿ ಮಾಡಿದೆವು. ಒಂದು ಬೊಗಸೆಯೂ ಆಗಲಿಲ್ಲ.

ಗುರುವಾರ

ಸಮಿತಿಯಲ್ಲಿ ಐದು ಜನ. ಅಧ್ಯಕ್ಷೆ ಬೆಳ್ಳಿಕೂದಲಿನ ಗಂಭೀರ ಹೆಂಗಸು. ಗ್ರೀಸು ಮೆತ್ತಿದ ಅಂಚನ್ನು ಒಳಗೆ ಮಡಿಸಿ ಸೀರೆ ಉಟ್ಟಿದ್ದೆ. ಬರುವ ದಾರಿಯಲ್ಲಿ ಒಂದು ಆಸೆ ನನ್ನನ್ನು ಕಾಡಿದ್ದು ಸುಳ್ಳಲ್ಲ. "ನಮ್ಮಲ್ಲೊಂದು ವಿಶೇಷ ಪೂರ್ವಸಿದ್ಧತೆಯಿದೆ, ಅದನ್ನು ಈವರೆಗೆ ಗುಟ್ಟಾಗಿಟ್ಟಿದ್ದೆವು" ಎಂದರೆ ಮಾನ ಉಳಿಯುತ್ತದೆ, ಜಾಣೆಯೂ ಆಗುತ್ತೇನೆ. ಯಾರಿಗೆ ತಿಳಿಯುತ್ತದೆ? ಬಂದರಿನಲ್ಲಿ ಕೂತ ಮಂಕಾಳಿಗಂತೂ ತಿಳಿಯುವುದಿಲ್ಲ. ಹಾಗೆ ಯೋಚಿಸಿದ್ದಕ್ಕೆ ನನಗೇ ನಾಚಿಕೆಯಾಯಿತು. ಒಮ್ಮೆ ಅವಳ ಮಾನ ಹತ್ತು ಜನರ ಎದುರು ತೆಗೆದವಳು, ಈಗ ಅವಳ ಕೆಲಸವನ್ನೂ ಕದಿಯುವುದೇ?

ಎದ್ದು ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈದದ್ದು, ಅವಳು ತೊಳೆದದ್ದು, ನಾನು ಕೇಳದೇ ಉಳಿದದ್ದು, ಸೋಮವಾರದ ನೊರೆ, ಮಂಗಳವಾರದ ಫೋನು.

"ಅಂದರೆ ನಿಮ್ಮ ವಿಧಾನದ ಮೊದಲ ಹಂತವೇ ನಿಮಗೆ ಗೊತ್ತಿರಲಿಲ್ಲ" ಎಂದರು ಅಧ್ಯಕ್ಷೆ.

"ಗೊತ್ತಿರಲಿಲ್ಲ" ಎಂದೆ.

ಇಂಗ್ರಿಡ್ ಎರಡು ಬಾಟಲಿ ಮೇಜಿನ ಮೇಲಿಟ್ಟಳು. ಎರಡರಲ್ಲೂ ಗುಲಾಬಿ ನೀರು. ಒಂದಕ್ಕೆ ಅವಳ ಹಳೆಯ ಮಣಿ, ಇನ್ನೊಂದಕ್ಕೆ ಹುಳಿಯಲ್ಲಿ ನೆನೆದ ಮಣಿ ಹಾಕಿ, ನಿಧಾನಕ್ಕೆ ತಿರುಗುವ ಯಂತ್ರದ ಮೇಲೆ ಕೂರಿಸಿದಳು. ಸಮಿತಿಯವರು ಪ್ರಶ್ನೆ ಕೇಳುತ್ತಾ ಹೋದರು, ನಾನು ಉತ್ತರಿಸುತ್ತಾ ಹೋದೆ, ಆದರೆ ಎಲ್ಲರ ಕಣ್ಣೂ ಬಾಟಲಿಯ ಮೇಲೆ. ಗಂಟೆಯ ಮೇಲಾದಾಗ ಎರಡನೆಯ ಬಾಟಲಿಯ ಬಣ್ಣ ಇಳಿದಿತ್ತು. ಪೂರ್ತಿ ತಿಳಿಯಾಗಲಿಲ್ಲ, ನಸುಗುಲಾಬಿ ಉಳಿಯಿತು. ಮಣಿ ಸಾಕಷ್ಟು ಇರಲಿಲ್ಲ. ಮೊದಲನೆಯದು ಇದ್ದ ಹಾಗೇ ಇತ್ತು.

ನನ್ನ ಅಂಕಿ ನಂಬದ ಸದಸ್ಯರು ಯಾರೆಂದು ಅವರ ಪ್ರಶ್ನೆಗಳಿಂದಲೇ ನನಗೆ ಗೊತ್ತಾಗಿಹೋಗಿತ್ತು. ಅವರು ಎದ್ದು ಬಂದು, ಎರಡನೆಯ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನನ್ನ ಕಡೆ ತಿರುಗಿ ಒಪ್ಪಿಕೊಂಡಂತೆ ತಲೆ ಆಡಿಸಿದರು.

ಅಧ್ಯಕ್ಷೆ ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದರು. "ಆ ಮಹಿಳೆಯ ಹೆಸರು ನಿಮ್ಮ ಅರ್ಜಿಯಲ್ಲಿ ಎಲ್ಲಿದೆ?"

ಇರಲಿಲ್ಲ. ಬರೆಯುತ್ತೇನೆ ಎಂದೆ.

ಭಟ್ಕಳ

ಒಪ್ಪಿಗೆಯ ಪತ್ರ ಬಂದಾಗ ಇಲ್ಲಿ ಮಳೆ ಹಿಡಿದಿತ್ತು. ಮೊದಲ ಹಂತಕ್ಕೆ ಅನುದಾನ, ಉಳಿದದ್ದು ಫಲ ನೋಡಿಕೊಂಡು. ಷರತ್ತುಗಳಿದ್ದವು. ಮಂಕಾಳಿ ಯೋಜನೆಯ ಪಾಲುದಾರಳಾಗಿರಬೇಕು, ಅವಳ ಕೆಲಸಕ್ಕೆ ಸಂಭಾವನೆ ಇರಬೇಕು. ಜೊತೆಗೆ, ಒಂದೇ ದೋಣಿಯ ಒಂದೇ ದಿನದ ಸಿಪ್ಪೆಯನ್ನು ಎರಡು ಬಗೆಯಲ್ಲಿ ಕಳಿಸಬೇಕು, ಹುಳಿಯಲ್ಲಿ ತೊಳೆದದ್ದು ಒಂದು, ತೊಳೆಯದೆ ಒಣಗಿಸಿದ್ದು ಒಂದು. ಹೋಲಿಸಿ ನೋಡದೆ ಯಾವುದನ್ನೂ ಹೇಳುವಂತಿಲ್ಲ. ಪ್ರಾಂಶುಪಾಲರು ಪತ್ರ ಓದಿ, ಉಗ್ರಾಣಕ್ಕೆ ಇನ್ನೊಂದು ಫ್ಯಾನ್ ಹಾಕಿಸೋಣವೇ ಎಂದು ಕೇಳಿದರು. ಕೀಲಿ ನನ್ನ ಪರ್ಸಿನಲ್ಲೇ ಉಳಿಯಿತು.

ಆಗಸ್ಟಿನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿದವು. ನಾನು ಬಂದರಿಗೆ ಹೋಗಿ ಮಂಕಾಳಿಯ ಪಕ್ಕ ಮಣೆ ಹಾಕಿ ಕೂತು ಎಲ್ಲ ಹೇಳಿದೆ. ಕಾಗದದಲ್ಲಿ ಅವಳ ಹೆಸರು ತೋರಿಸಿದೆ. ಬೆರಳಿನ ತುದಿಯನ್ನು ಸೀರೆಗೆ ಒರೆಸಿಕೊಂಡು ಆ ಅಕ್ಷರಗಳನ್ನು ಮುಟ್ಟಿ ನೋಡಿದಳು. ಕೋಟು ಹಾಕಿಕೊಂಡವರು ಕಟ್ಟೆಯ ಮೇಲೆ ಕೂತು ಶೆಟ್ಲಿ ಸುಲಿಯುವ ಕತೆಯನ್ನು ಮಾತ್ರ ನಂಬಲೇ ಇಲ್ಲ. ತೊಳೆಯದ ಚೀಲದ ವಿಷಯ ಬಂದಾಗ ಮಾತ್ರ ಮುಖ ಗಂಟಿಕ್ಕಿದಳು.

"ಆಗುದಿಲ್ಲ. ಈಗ ಕಾಗದದಲ್ಲಿ ನನ್ ಹೆಸ್ರು ಅದೆ ಹೇಳ್ತ್ರಿ. ನನ್ ಹೆಸ್ರಲ್ಲಿ ನಾತದ ಚೀಲ ಹೋಗುದಾ? ಮತ್ತೆ ಬಸ್‌ಸ್ಟ್ಯಾಂಡಲ್ಲಿ ಬೈಸ್ಕಂಬೂಕೆ ನಂಗೆ ಆಗುದಿಲ್ಲ."

"ಮಂಕಾಳಕ್ಕ, ಅವತ್ತು ನಾ ಬೈದದ್ದು ತಪ್ಪು" ಎಂದೆ. ಎರಡು ವರ್ಷ ತಡವಾಗಿತ್ತು.

ಅವಳು ನನ್ನನ್ನೇ ನೋಡಿ ಕಿಸಕ್ಕನೆ ನಕ್ಕಳು. "ನೀವು ಬೈದದ್ದಕ್ಕೇ ಅಲ್ರಾ ಇಷ್ಟೆಲ್ಲ ಆದದ್ದು! ಈಗ ತಪ್ಪು ಅಂದ್ರೆ ಹೆಂಗೆ?" ಇನ್ನೊಂದು ಶೆಟ್ಲಿ ಸುಲಿದು ಬುಟ್ಟಿಗೆ ಹಾಕಿದಳು. "ಕಳ್ಸ್ತೆ. ಆದ್ರೆ ಆ ಚೀಲ ನೀವೇ ತಕಂಡ್ ಹೋಗ್ಬೇಕು. ನಂದು ಅಂತ ಯಾರ ಹತ್ರನೂ ಹೇಳೂಕಿಲ್ಲ."

"ಆತು" ಎಂದೆ.

ವಾರದ ನಂತರ ಎರಡು ಚೀಲಗಳೊಂದಿಗೆ ಹೊನ್ನಾವರದ ಬಸ್ಸು ಹತ್ತಿದೆ. ಒಂದು ಚೀಲ ಮುರುಗಲ ಹುಳಿಯಲ್ಲಿ ತೊಳೆದದ್ದು, ಅದನ್ನು ಯಾರೂ ಗಮನಿಸಲಿಲ್ಲ. ಇನ್ನೊಂದರ ನಾತ ಮುರುಡೇಶ್ವರದ ಕ್ರಾಸ್ ದಾಟುವಷ್ಟರಲ್ಲಿ ಇಡೀ ಬಸ್ಸನ್ನು ತುಂಬಿತು. ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು, ಸೆರಗುಗಳು ಮೂಗಿಗೇರಿದವು. ಹಿಂದಿನ ಸೀಟಿನಲ್ಲಿದ್ದ ನನ್ನ ಇಬ್ಬರು ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿ, ಚೀಲವನ್ನು ಕಾಲಿನಿಂದ ಮುಟ್ಟಿ ಕೂಗಿದ. "ಯಾರದ್ದು ಮಾರಾಯ್ರೇ ಇದು? ಮನುಷ್ಯರು ತರೂವಂಥದ್ದಾ?"

ನಾನು ಎದ್ದು ನಿಂತೆ.

"ನಂದು" ಎಂದೆ.